ಬಾಣಂತನದ ಬಹುಮಾನ

ಇಳಕಲ್ಲಿನ ಸಾವಂತ್ರವ್ವನ ಮನೆಯಲ್ಲಿ ಒಂದು ಬದನೆಕಾಯಿ ಒಲೆಯ ತನಕ ಬಂದು ಮುಟ್ಟಬೇಕಾದರೆ ಮೂರು ನೀರು ಕಾಣಬೇಕಾಗಿತ್ತು. ಮೊದಲ ನೀರು ಹಿತ್ತಲ ಕಟ್ಟೆಯ ಮೇಲೆ, ಎರಡನೆಯದು ಬಚ್ಚಲಲ್ಲಿ, ಮೂರನೆಯದು ಅಡಿಗೆಮನೆಯ ಹೊಸ್ತಿಲ ಹತ್ತಿರ. ಹಾಲಿನ ಪಾಕೀಟಿಗೂ ಇದೇ ಮರ್ಯಾದೆ, ಸಂತೆಯಿಂದ ಬಂದ ಚಿಲ್ಲರೆಗೂ ಇದೇ ಮರ್ಯಾದೆ. ಗಂಡ ತಿಮ್ಮಣ್ಣ ಮಾಸ್ತರರು ಪೇಟೆಗೆ ಹೋಗಿ ಬಂದರೆ ಅಂಗಿ ಪ್ಯಾಂಟು ಹಿತ್ತಲಲ್ಲೇ ಕಳಚಿಡಬೇಕು. ಸರಕಾರಿ ಸಾಲೆಯಲ್ಲಿ ಮೂರು ತಲೆಮಾರಿನ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ, ಈಗ ಸ್ವಂತ ಮನೆಯ ಹಿತ್ತಲಲ್ಲಿ ಟವೆಲ್ಲು ಸುತ್ತಿಕೊಂಡು "ಒಳಗ ಬರಲೇನು?" ಎಂದು ಕೇಳುತ್ತ ನಿಂತಿರುತ್ತಿದ್ದರು.

ಇದಕ್ಕೆ ಮಡಿ ಎನ್ನಬೇಡಿ. ಮಡಿಗೊಂದು ಹೊತ್ತು ಗೊತ್ತು ಇರುತ್ತದೆ. ಊಟ ಮುಗಿದರೆ ಮಡಿಯೂ ಮುಗಿಯಿತು. ಸಾವಂತ್ರವ್ವನ ತೊಳೆಯುವುದಕ್ಕೆ ಮುಗಿತಾಯವೇ ಇರಲಿಲ್ಲ. ಕೈ ತೊಳೆಯುವುದು, ನಳ ಬಂದ್ ಮಾಡುವುದು, ನಳ ಮುಟ್ಟಿದೆನಲ್ಲ ಎಂದು ಮತ್ತೆ ತೊಳೆಯುವುದು. ಬೆರಳ ಸಂದುಗಳು ಬಿರಿದು ಉಪ್ಪು ತಾಗಿದರೆ ಜೀವ ಹೋದಂತಾಗುತ್ತಿತ್ತು. ಅತಿಯಾಯಿತೆಂದು ಅವಳಿಗೂ ಗೊತ್ತಿತ್ತು ಪಾಪ. ಗೊತ್ತಿದ್ದರೇನು, ಕೈ ಕೇಳಬೇಕಲ್ಲ.

ಅದರ ಮೇಲೆ ಅವಳದೊಂದು ಪ್ರಶ್ನೆ. ಯಾರು ಏನು ಮುಟ್ಟಿದರೂ ಅಡಿಗೆಮನೆಯಿಂದ ಕೂಗು ಬರುತ್ತಿತ್ತು, "ತೊಳದಿ?" ಸೊಸೆ ಗೀತಾಂಜಲಿ ಇದ್ದಲ್ಲಿಂದಲೇ "ತೊಳದೇನ್ರೀ ಅತ್ತಿ" ಎನ್ನುತ್ತಿದ್ದಳು. ಮಗ ಗೌತಮ ಗ್ರಾನೈಟ್ ಕಾರ್ಖಾನೆಯಿಂದ ಬಂದವನು ಬೂಟು ಬಿಚ್ಚುವುದಕ್ಕೂ ಮೊದಲೇ "ತೊಳದೇನ್ಬೇ" ಎಂದುಬಿಡುತ್ತಿದ್ದ. ಆ ಮಾತು ಕಿವಿಗೆ ಬಿದ್ದರೆ ಅವಳಿಗೆ ಒಂದು ಗಳಿಗೆ ಸಮಾಧಾನ.

ಇಂಥ ಮನೆಗೆ ಮಗಳ ಸುದ್ದಿ ಬಂತು. ಹುನಗುಂದಕ್ಕೆ ಕೊಟ್ಟ ವಿದ್ಯಾ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಸುರಾಗಿದ್ದಳು. ಚೊಚ್ಚಲ ಬಾಣಂತನ ತವರಿನದು, ಅದರಲ್ಲಿ ಎರಡು ಮಾತಿಲ್ಲ. ಸಾವಂತ್ರವ್ವ ಆ ದಿನವೇ ನಡುಮನೆಯ ಪಕ್ಕದ ಖೋಲಿ ತೊಳೆಯಲು ಹತ್ತಿದಳು, ಸುಣ್ಣ ಕಿತ್ತು ಬರುವಂತೆ ತೊಳೆದಳು. ಅವಳ ಎರಡೂ ಬಾಣಂತನ ಅತ್ತೆಯ ಮನೆಯಲ್ಲೇ ಆಗಿದ್ದವು. ತಾಯಿ ಇರಲಿಲ್ಲ, ಮೈಗೆ ಎಣ್ಣೆ ಹಚ್ಚುವವರು ಇರಲಿಲ್ಲ. ಮಗಳಿಗಾದರೂ ತನ್ನ ಕೈಯಿಂದ ಎಣ್ಣೆ-ನೀರು ಆಗಬೇಕು, ಮೊಮ್ಮಗುವನ್ನು ತನ್ನ ಕಾಲ ಮೇಲೆ ಮಲಗಿಸಿ ಎರೆಯಬೇಕು. ಅವಳು ಈ ಲೋಕದಲ್ಲಿ ಬೇಡಿದ್ದು ಅಷ್ಟೇ.

ವಿದ್ಯಾಳ ಅತ್ತೆ ಇಂದ್ರವ್ವನ ವಿಚಾರ ಬೇರೆಯಿತ್ತು. ಪಂಚಮಿಗೆ ತವರಿಗೆ ಹೋದ ಸೊಸೆ ಅಂಗೈ ಸುಲಿಸಿಕೊಂಡು ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಫೋನಿನಲ್ಲಿ ನೇರವಾಗಿಯೇ ಅಂದಳು, "ಬೀಗತೇರ, ಸಿಟ್ಟಾಗಬ್ಯಾಡ್ರಿ. ಹಸಗೂಸಿನ ಮೈ ಅದು, ಕೊತಂಬ್ರಿ ಸೂಡಲ್ಲ. ನಿಮಗ ಆರಾಮಾಗೂತನಕ ನಾ ಕಳಸಂಗಿಲ್ಲ."

ಸಾವಂತ್ರವ್ವ ಆ ಹೊತ್ತು ಉಣ್ಣಲಿಲ್ಲ. ಮರುದಿನ ಗಂಡನಿಗೆ ತಾನೇ ಹೇಳಿದಳು, "ಯಾವ ಡಾಕ್ಟರ್ ಕಡೆ ಕರಕೊಂಡ ಹೋಗ್ತೀರಿ ನಡ್ರಿ. ಮಂದಿ ಏನರ ಅನ್ಲಿ, ಬರ್ತೇನಿ."

ಬಾಗಲಕೋಟೆಯ ನವನಗರದಲ್ಲೊಂದು ದವಾಖಾನೆ. ಮಗ, ಸೊಸೆ ಇಬ್ಬರೂ ಜೊತೆಗೆ ಬಂದಿದ್ದರು. ಡಾಕ್ಟರು ಗುಳಿಗೆ ಬರೆದುಕೊಟ್ಟು, ಇದರಿಂದ ಅರ್ಧ ಕೆಲಸ, ಉಳಿದರ್ಧ ಆ ಕಡೆಯ ಖೋಲಿಯಲ್ಲಿ ಎಂದು ಮುಬಶೀರಾ ಎಂಬ ಸಮಾಲೋಚಕಿಯ ಹತ್ತಿರ ಕಳಿಸಿದರು. ವಿದ್ಯಾಳ ವಯಸ್ಸಿನ ಹುಡುಗಿ. ಮಾತು ಮೆತ್ತಗೆ, ನೋಟ ಖಡಕ್ಕು. ಕುರ್ಚಿಯ ಮೇಲೆ ಯಾರ್ಯಾರು ಕುಳಿತಿದ್ದರೋ ಎಂದು ಸಾವಂತ್ರವ್ವ ನಿಂತೇ ಇದ್ದಳು. ಮುಬಶೀರಾ ತಾನೂ ಎದ್ದು ನಿಂತಳು. ಮೊದಲ ಮಾತುಕತೆ ನಿಂತುಕೊಂಡೇ ಆಯಿತು.

"ಯಾವಾಗಿಂದ ಹಿಂಗಾತು ಅಂತ ಹೇಳಲೇನ್ರಿ? ವಿದ್ಯಾ ಕೂಸಿದ್ದಾಗ ನಮ್ಮತ್ತಿ ಒಂದ ಮಾತ ಅಂದಿದ್ಲು," ಎಂದು ಸಾವಂತ್ರವ್ವ ಶುರು ಮಾಡಿದಳು. ಅವಳಲ್ಲಿ ಹೇಳುವುದು ಬಹಳ ಇತ್ತು.

"ಅದನ್ನ ಕೇಳ್ತೇನ್ರಿ ಅವ್ವಾರ, ಬಿಡಂಗಿಲ್ಲ. ಆದ್ರ ಮೊದಲ ಕೈಯಿಂದ ಶುರು ಮಾಡೂಣು. ಇದಕ್ಕ ವರ್ತನಾ ಚಿಕಿತ್ಸಾ ಅಂತೇವ್ರಿ."

ತಿಮ್ಮಣ್ಣ ಮಾಸ್ತರರು ಸುಮ್ಮನಿರುವ ಪೈಕಿಯಲ್ಲ. "ಮೇಡಂ, ಮನೋಚಿಕಿತ್ಸಾ ಅಂದ್ರ ಕೂಡಿಸಿ ಮಾತಾಡ್ಸೂದು, ಸಣ್ಣಂದಿನ ಸುದ್ದಿ ಕೇಳೂದು ಅಂತ ನಾ ಪೇಪರಿನ್ಯಾಗ ಓದೇನಿ. ನೀವು ನೋಡಿದ್ರ ವರ್ತನಾ ಚಿಕಿತ್ಸಾ ಅಂತೀರಿ. ಎರಡೂ ಬ್ಯಾರೆ ಬ್ಯಾರೆ ಏನ್ರಿ?"

"ಬ್ಯಾರೆ ಅಲ್ರಿ ಸರ್. ಮನೋಚಿಕಿತ್ಸಾ ಅನ್ನೂದು ದೊಡ್ಡ ಮನಿ. ಅದರಾಗ ಇದೊಂದು ಖೋಲಿ. ಕೆಲವರು 'ಯಾಕ ಹಿಂಗಾತು' ಅಂತ ಕೇಳಿ ಒಳಗ ಹೊಕ್ತಾರ. ಈ ಖೋಲ್ಯಾಗ 'ನೀವು ಏನ ಮಾಡ್ತೀರಿ' ಅಂತ ಕೇಳಿ ಹೊಗೂದು. ಹೊಲಸು ಅನಿಸಿದ್ದನ್ನ ಮುಟ್ಟೂದು, ಮುಟ್ಟಿ ತೊಳೀದ ಕುಂಡ್ರೂದು. ಅಂಜಿಕಿ ಏರತೈತಿ, ಆಮ್ಯಾಲ ತಾನ ಇಳೀತೈತಿ. ಇಳಿಯೂದನ್ನ ಅವ್ವಾರು ತಾವ ನೋಡಬೇಕು. ಸಣ್ಣದರಿಂದ ಶುರು ಮಾಡೂದು, ಅವರು ಒಪ್ಪಿದಷ್ಟ ಮಾಡೂದು. ಒತ್ತಾಯ ಇಲ್ಲ."

ಆಮೇಲೆ ಮನೆಯವರ ಕಡೆ ತಿರುಗಿದಳು. "ನಿಮಗೊಂದು ಕೆಲಸ. ಅವ್ವಾರು 'ತೊಳದಿ?' ಅಂತ ಕೇಳಿದ್ರ ಇನ್ನ ಉತ್ತರ ಕೊಡಬ್ಯಾಡ್ರಿ. ನಿಮ್ಮ ಉತ್ತರಾನೂ ಅವರಿಗೆ ಒಂದು ನಮೂನಿ ಸಾಬಾಣ ಆಗೇತಿ." ಗೀತಾಂಜಲಿಯನ್ನು ಕೇಳಿದಳು, "ದಿನಾ ಮೂರ ಮೂರ ಸಲ ಎಲ್ಲಾ ತೊಳೀತೀರೇನು ನೀವು?"

ಗೀತಾಂಜಲಿ ಅತ್ತೆಯನ್ನು ನೋಡಿದಳು, ನೆಲ ನೋಡಿದಳು. "ಖರೆ ಹೇಳ್ಲೇನ್ರಿ? ಒಂದ ಸಲ ತೊಳೀತೇನ್ರಿ. ಉಳಿದ ಎರಡು ಸಲ ಬರೇ ನಳಾ ಬಿಡ್ತೇನಿ. ಬಕೀಟಿನ್ಯಾಗ ನೀರು ಬೀಳೂ ಸಪ್ಪಳ ಅತ್ತಿಗೆ ಕೇಳಿದ್ರ ಆತು."

"ಮತ್ತೇನ್ ಮಾಡೂದ್ರಿ," ಎಂದ ಗೌತಮ. "ಎಲ್ಲಾರೂ ಹಂಗ ಮಾಡ್ತೇವಿ." ಮಾಸ್ತರರು ಕೆಮ್ಮಿದರು.

ಮುಬಶೀರಾಳಿಗೆ ಇದು ಒಳ್ಳೆಯ ಸುದ್ದಿಯಾಗಿ ಕಂಡಿತು. "ನೋಡ್ರಿ ಅವ್ವಾರ, ಇಷ್ಟ ವರ್ಷ ಒಂದ ಸಲ ತೊಳದದ್ದನ್ನ ಉಂಡೀರಿ. ಏನಾತು?"

ಏನಾಯಿತು ಎಂದು ಆ ಹುಡುಗಿಗೆ ಹೇಗೆ ಹೇಳುವುದು? ಸಾವಂತ್ರವ್ವ ಮೈಯೆಲ್ಲ ಕಿವಿಯಾಗಿ ಆ ನಳದ ಸಪ್ಪಳ ಕೇಳಿಸಿಕೊಂಡು, ನನ್ನ ಸೊಸಿ ಅಂದ್ರ ಬಂಗಾರ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಈ ಮೂವರೂ ಬೆನ್ನ ಹಿಂದೆ ಬರೀ ನೀರು ಬಿಟ್ಟುಕೊಂಡು ನಿಂತಿದ್ದರು. ಅವಳಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಅಳು ಬಂತು. ಎಲ್ಲವನ್ನೂ ನುಂಗಿ, ಸೆರಗು ಹೊದ್ದುಕೊಂಡು ಬಾಗಿಲ ಕಡೆ ತಿರುಗಿದಳು.

ಹೊರಡುವಾಗ ಮುಬಶೀರಾ ಇನ್ನೊಂದು ಮಾತು ಹೇಳಿದಳು. "ಒಂದೊಂದು ಮುಗಿದಂಗ ಅವ್ವಾರಿಗೆ ಮನಸಿಗೆ ಹಿಡಸೂದು ಏನರ ಮಾಡ್ರಿ. ಒಂದ ಕಪ್ ಚಾ, ಮಗಳ ಜೋಡಿ ಫೋನಿನ್ಯಾಗ ಎರಡ ಮಾತು. ಧೈರ್ಯ ಮಾಡಿದ್ದಕ್ಕ ಅಷ್ಟರ ಬೇಕು."

"ಬಹುಮಾನ," ಎಂದರು ಮಾಸ್ತರರು. ಅವರ ಮುಖ ಅರಳಿತು. "ತಿಳೀತ್ರಿ. ಸಾಲ್ಯಾಗ ಇದನ್ನ ಮಾಡೇವಿ ನಾವು."

ತಿಳಿದದ್ದು ಏನೆಂದು ಬಸ್ಸಿನಲ್ಲಿ ಗೊತ್ತಾಯಿತು. ಬಸ್ಸು ಹುನಗುಂದದಲ್ಲಿ ನಿಂತಾಗ ಸಾವಂತ್ರವ್ವ ಎದ್ದಳು, ಮಗಳ ಮುಖ ನೋಡಿ ಬರೋಣವೆಂದು. ಮಾಸ್ತರರು ಸೆರಗು ಹಿಡಿದು ಕೂಡಿಸಿದರು. "ಈಗ ಬ್ಯಾಡ. ನೀ ಪಾಠ ಪೂರಾ ಮುಗಸು. ವಿದ್ಯಾನ್ನ ಬಾಣಂತನಕ್ಕ ಮನಿಗೆ ಕರಕೊಂಡ ಬರೂ ಜವಾಬ್ದಾರಿ ನಂದು. ಇದು ನನ್ನ ಮಾತು."

ಸಾವಂತ್ರವ್ವ ಗಂಡನ ಮುಖ ನೋಡಿದಳು. ನಳದ ಸಪ್ಪಳದ ಸಂಕಟವನ್ನು ಆ ಒಂದು ಮಾತಿಗಾಗಿ ಅವಳು ಬದಿಗಿಟ್ಟಳು.

ಮನೆಯಲ್ಲಿ ಪಾಠಗಳು ಶುರುವಾದವು. ಪಾಠ ಎಂಬ ಹೆಸರು ಮಾಸ್ತರರದೇ. ಮೊದಲ ಪಾಠ ಹೊರಬಾಗಿಲ ಚಿಲಕ. ಅದನ್ನು ಹಿಡಿದು, ಕೈ ತೊಳೆಯದೆ, ನಡುಮನೆಯಲ್ಲಿ ಕೂಡಬೇಕು. ಸಾವಂತ್ರವ್ವ ಕೂತಳು. ಬೆರಳುಗಳನ್ನು ಅಗಲ ಮಾಡಿ, ಒಂದಕ್ಕೊಂದು ತಾಗದಂತೆ ಹಿಡಿದುಕೊಂಡು ಕೂತಳು. ಬೆವರು ಕುತ್ತಿಗೆಗೆ ಇಳಿಯಿತು. ಒಳಗೆ ಗೀತಾಂಜಲಿ ರೊಟ್ಟಿ ಬಡಿಯುವ ಸಪ್ಪಳ.

"ಗೀತಾ, ಹಿಟ್ಟು ನಾದೂ ಮುಂದ ಕೈ ತೊಳದಿ?"

"ಉತ್ತರ ಕೊಡಂಗಿಲ್ರೀ ಅತ್ತಿ. ಮೇಡಂ ಹೇಳ್ಯಾರ."

"ಒಂದ ಸಲ ಹೇಳವಾ."

"ಹೇಳಂಗಿಲ್ರಿ."

"ಇಷ್ಟ ದಿನ ಸುಳ್ಳ ಹೇಳಾಕ ಬರ್ತಿತ್ತು ನಿನಗ. ಈಗ ಒಂದು ಖರೆ ಹೇಳಾಕ ಬಾಯಿ ಬರೂದಿಲ್ಲ?"

ಬಡಿಯುವ ಸಪ್ಪಳ ನಿಂತಿತು. ಗೀತಾಂಜಲಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅತ್ತಿ, ಒಂದ ಬದನೀಕಾಯಿಗೆ ಮೂರ ಬಕೀಟು ನೀರು. ಟ್ಯಾಂಕಿಗೆ ನೀರು ಬರೂದು ಯಾವಾಗೋ ಒಮ್ಮೆ. ಖರೆ ತೊಳದಿದ್ರ ನಾವು ಕುಡಿಯಾಕ ಏನ್ ಇಡಬೇಕಿತ್ರಿ? ನಾ ಸುಳ್ಳ ಹೇಳಿದ್ದಕ್ಕ ಈ ಮನ್ಯಾಗ ಹೊತ್ತಿಗೆ ಸರಿಯಾಗಿ ಊಟ ಆಗೇತಿ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ಸಾವಂತ್ರವ್ವನಿಗೆ ಇನ್ನಷ್ಟು ಚುಚ್ಚಿತು.

ಆದರೂ ಆ ಹೆಣ್ಣುಮಗಳು ಛಲ ಬಿಡಲಿಲ್ಲ. ಚಿಲಕ ಆಯಿತು, ಚಿಲ್ಲರೆ ಆಯಿತು, ಹಾಲಿನ ಪಾಕೀಟು ಆಯಿತು. ಕಸಬರಿಗೆ ಹಿಡಿದ ದಿನ ಮಾತ್ರ ಗೋಡೆಗೆ ಹಣೆಹಚ್ಚಿ ಅತ್ತಳು. ಅತ್ತು, ತೊಳೆಯದೆ, ಅದೇ ಕೈಯಿಂದ ಚಹಾದ ಕಪ್ಪು ಎತ್ತಿದಳು. ಗಂಡನ ಚಪ್ಪಲಿ ಮುಟ್ಟಿ ಅದೇ ಕೈಯಿಂದ ರೊಟ್ಟಿ ಮುರಿದ ದಿನ ಮನೆಯವರೆಲ್ಲ ತಾಟು ಬಿಟ್ಟು ನೋಡುತ್ತ ಕುಳಿತರು. ಅಂಜಿಕೆ ನಿಜವಾಗಿಯೂ ಏರುತ್ತಿತ್ತು, ಒಂದು ಹಂತಕ್ಕೆ ಬಂದು ನಿಲ್ಲುತ್ತಿತ್ತು, ಆಮೇಲೆ ಕೆಳಗಿಳಿಯುತ್ತಿತ್ತು. ಆ ಹುಡುಗಿ ಹೇಳಿದ್ದು ಖರೆಯಾಗಿತ್ತು. ಪ್ರತಿಯೊಂದು ಪಾಠ ಮುಗಿದಾಗಲೂ ಮಾಸ್ತರರು ಅದೇ ಮಾತು ಹೇಳುತ್ತಿದ್ದರು, "ಶಾಭಾಸ್. ನಿನ್ನ ಮಗಳು ಇನ್ನೊಂದ ಹೆಜ್ಜಿ ಹತ್ತರ ಬಂದ್ಲು ನೋಡು." ಸಾವಂತ್ರವ್ವ ನಗುತ್ತಿದ್ದಳು. ಅಷ್ಟು ವರ್ಷದ ಮೇಲೆ ಆ ಮನೆಯಲ್ಲಿ ಅವಳ ನಗು ಕೇಳಿಸಿತು.

ಬಸುರಿ ಮಗಳಿಗೆ ಕುಬಸ ಮಾಡುವ ದಿನ ಹುನಗುಂದಕ್ಕೆ ಹೋದರು. ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಹೋಳಿಗೆ ಬಡಿಸಿದ್ದಾಯಿತು. ಕುಬಸ ಮುಗಿದ ಮೇಲೆ ಮಗಳನ್ನು ಜೊತೆಗೆ ಕರೆದುಕೊಂಡು ಬರುವುದು ರೂಢಿ. ವಿದ್ಯಾ ಹೊರಡುವ ಲಕ್ಷಣ ತೋರಲಿಲ್ಲ. ಅಳಿಯ ಯಮನೂರ ಗೊಬ್ಬರದ ಅಂಗಡಿಯಲ್ಲಿ ಕೆಲಸವಿದೆಯೆಂದು ಎದ್ದು ಹೋದ.

"ಡಾಕ್ಟರ್ ಪ್ರಯಾಣ ಬ್ಯಾಡ ಅಂದಾರವ್ವಾ," ಎಂದಳು ವಿದ್ಯಾ, ತಂದೆಯ ಕಡೆ ನೋಡುತ್ತ.

"ಹೌದೌದು. ಇನ್ನ ಸ್ವಲ್ಪ ದಿನ ಹೋಗ್ಲಿ," ಎಂದರು ಮಾಸ್ತರರು.

ಸಾವಂತ್ರವ್ವ ನಂಬಿದಳು. ಯಾಕೆ ನಂಬಬಾರದು? ಹೆತ್ತ ಮಗಳು, ಕಟ್ಟಿಕೊಂಡ ಗಂಡ. ಮನೆಗೆ ಬಂದವಳೇ ಒಣಕೊಬ್ಬರಿ, ಉತ್ತತ್ತಿ, ಅಂಟು ತರಿಸಿ ಅಂಟಿನುಂಡಿ ಕಟ್ಟಲು ಕೂತಳು. ಉತ್ತತ್ತಿಯನ್ನು ಒಂದೇ ನೀರಲ್ಲಿ ತೊಳೆದಳು. ಗೀತಾಂಜಲಿ ಹತ್ತಿರ ಕೂತು ಕೊಬ್ಬರಿ ತುರಿದುಕೊಟ್ಟಳು. ಮಧ್ಯದಲ್ಲಿ ಒಮ್ಮೆ "ಅತ್ತೀ" ಎಂದಳು. "ಏನವಾ?" ಎಂದರೆ "ಏನಿಲ್ರಿ" ಎಂದು ಮತ್ತೆ ತುರಿಯತೊಡಗಿದಳು.

ಉಂಡಿ ಕಟ್ಟಿದ ಮೇಲೆ ಉಳಿದದ್ದು ನೀರು ಹಾಕುವವಳ ಏರ್ಪಾಡು. ಆ ಭಾಗದ ಓಣಿಗಳಲ್ಲಿ ಬಾಣಂತಿ-ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವವಳು ಹುಸೇನಬಿ. ಮೊದಲ ಕೆಲವು ದಿನ ಅವಳು ತೋರಿಸಿಕೊಡಲಿ, ಆಮೇಲೆ ತಾನೇ ಎರೆಯುತ್ತೇನೆ ಎಂಬುದು ಸಾವಂತ್ರವ್ವನ ಲೆಕ್ಕ. ಒಬ್ಬಳೇ ನಡೆದುಕೊಂಡು ಹೋಗಿ, ಹುಸೇನಬಿಯ ಮನೆಯ ಕಟ್ಟೆಯ ಮೇಲೆ ಏನನ್ನೂ ಹಾಸಿಕೊಳ್ಳದೆ ಕೂತಳು. ಹುಸೇನಬಿ ಕೊಟ್ಟ ನೀರನ್ನೂ ಕುಡಿದಳು. ಇದನ್ನು ಮುಬಶೀರಾಗೆ ಹೇಳಬೇಕು ಎಂದುಕೊಂಡಳು.

"ಹುಸೇನಬಿ, ಮುಂದಿನ ತಿಂಗಳ ನಮ್ಮ ವಿದ್ಯಾಂದು ಐತಿ. ಬ್ಯಾರೆ ಯಾರಿಗೂ ಮಾತ ಕೊಡಬ್ಯಾಡ."

ಹುಸೇನಬಿ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದಳು. "ನಿಮ್ಮ ವಿದ್ಯಾಂದು ಹುನಗುಂದದಾಗ ಅಲ್ಲೇನ್ರೀ ಅಕ್ಕಾರ? ನಮ್ಮ ತಂಗಿ ಮಗಳು ಖುಶನುಮಾನ್ನ ಅಲ್ಲೇ ಕೊಟ್ಟೇವಲ್ರಿ, ಅಕೀನೂ ನೀರ ಹಾಕ್ತಾಳ. ಇಂದ್ರವ್ವಾರು ಅಕೀಗೆ ಯಾವಾಗೋ ಹೇಳಿ ಇಟ್ಟಾರ. ನಿಮ್ಮ ಮಾಸ್ತರ್ರೂ ಮೊನ್ನೆ ಪ್ಯಾಟ್ಯಾಗ ಸಿಕ್ಕಾಗ, ನೀ ಬರೂದು ಬೇಕಾಗಿಲ್ಲ ಹುಸೇನಬಿ, ಅಲ್ಲೇ ಆಕ್ಕೈತಿ ಅಂದ್ರು."

"ಯಾವಾಗ ಹೇಳ್ಯಾರ ಇಂದ್ರವ್ವ?"

"ಯಾವಾಗಂದ್ರ, ನೀವು ಬಾಗಲಕ್ವಾಟಿ ದವಾಖಾನಿಗೆ ಹೊಂಟಿದ್ರಲ್ಲ, ಆವಾಗ ಇರಬೇಕ್ರಿ." ಮಾತು ಎಲ್ಲಿಗೋ ತಪ್ಪಿತೆಂದು ಹುಸೇನಬಿಗೆ ಆಗ ಹೊಳೆಯಿತು. "ನಿಮಗ ಗೊತ್ತಿರಲಿಲ್ಲೇನ್ರಿ?"

ಸಾವಂತ್ರವ್ವ ಎದ್ದಳು. ಕಾಲಲ್ಲಿ ಚಪ್ಪಲಿ ಹಾಕಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ.

ಸಂಜೆ ಊಟಕ್ಕೆ ನಾಲ್ವರೂ ಕೂತಿದ್ದರು. ಪುಂಡಿಪಲ್ಯ, ಶೇಂಗಾಹಿಂಡಿ, ಬಿಸಿ ರೊಟ್ಟಿ. ಸಾವಂತ್ರವ್ವ ಬಡಿಸಲಿಲ್ಲ. ಗಂಡನ ಎದುರಿಗೆ ಕೂತು ಕೇಳಿದಳು, "ವಿದ್ಯಾ ಯಾವತ್ತ ಬರ್ತಾಳ?"

"ಬರ್ತಾಳಲ್ಲ. ಇನ್ನೊಂದ ವಾರ—"

"ಖುಶನುಮಾ ಅನ್ನಾಕಿ ನೀರ ಹಾಕ್ತಾಳಂತ. ಹೌದೇನು?"

ಮಾಸ್ತರರ ಕೈಯಲ್ಲಿದ್ದ ತುತ್ತು ತಾಟಿಗೆ ಇಳಿಯಿತು. ಗೌತಮ ನೀರಿನ ಲೋಟ ಎತ್ತಿಕೊಂಡ. ಗೀತಾಂಜಲಿ ಅಳತೊಡಗಿದಳು, ಅದೇ ಉತ್ತರವಾಯಿತು.

"ಯಾರ ಹೇಳಿದ್ರು ನಿನಗ?" ಎಂದರು ಮಾಸ್ತರರು.

"ಯಾರರ ಹೇಳ್ಲಿ. ನೀವು ಹೇಳಲಿಲ್ಲಲ್ಲ. ಯಾವಾಗಿಂದ ಗೊತ್ತಿತ್ತು?"

ಗೌತಮನೇ ಬಾಯಿ ಬಿಟ್ಟ. "ಮೊದಲಿಂದನೂ ಗೊತ್ತಿತ್ತಬೇ. ನೀ ದವಾಖಾನಿಗೆ ಹೋಗೂಕಿಂತ ಮೊದಲ ಅಕ್ಕ ಅಪ್ಪಗ ಫೋನ್ ಮಾಡಿ ಹೇಳಿದ್ಲು. ಅವ್ವಗ ಆರಾಮಾದ್ರೂ ಅಷ್ಟ, ಆಗದಿದ್ರೂ ಅಷ್ಟ, ನಾ ಅಲ್ಲಿಗೆ ಬರಂಗಿಲ್ಲ ಅಂದ್ಲು. ಅಕೀಗೆ ಅಂಜಿಕಿ ಅವ್ವಾ. ಇಂದ್ರವ್ವಾರದು ಏನೂ ಇಲ್ಲ, ಅಕೀದ ನಿರ್ಧಾರ."

ಸಾವಂತ್ರವ್ವ ಇಷ್ಟು ದಿನ ಇಂದ್ರವ್ವನ ಮೇಲೆ ಹಲ್ಲು ಕಡಿದಿದ್ದಳು. ಬೀಗತಿ ಪಾಪ ಸೊಸೆಯ ಮಾತನ್ನು ತನ್ನ ಮೇಲೆ ಹಾಕಿಕೊಂಡು ಹೇಳಿದ್ದಳಷ್ಟೇ.

"ಮತ್ತ ನೀವು ಮಾತ ಕೊಟ್ರಲ್ಲ," ಎಂದಳು ಗಂಡನಿಗೆ. "ಬಸ್ಸಿನ್ಯಾಗ. 'ಇದು ನನ್ನ ಮಾತು' ಅಂದ್ರಿ."

"ಮೇಡಂ ತಾವ ಹೇಳಿದ್ರು, ಬಹುಮಾನ ಇರಬೇಕು ಅಂತ. ಚಾ ಕೊಡ್ತೇನಿ ಅಂದ್ರ ನೀ ಕಸಬರಿಗಿ ಮುಟ್ತಿದ್ದೇನು? ಹುಡುಗರಿಗೆ ಪೇಪರಮಿಂಟ್ ತೋರಸ್ತೇವಿ, ಪಾಠ ಕಲೀತಾವ. ಮುಂದ ಪೇಪರಮಿಂಟ್ ಸಿಗದಿದ್ರ ಏನಾತು, ಪಾಠ ಬಂತಲ್ಲ. ನಿನ್ನ ಕೈ ನೋಡು. ಒಂದರ ಬಿರುಕು ಐತೇನು? ನಿನ್ನ ಒಳ್ಳೇದಕ್ಕ ಮಾಡೇವಿ ಸಾವಂತ್ರಿ."

ಅವರು ಮನಸ್ಸಿನಿಂದಲೇ ಹೇಳಿದರು, ಅದೇ ದೊಡ್ಡ ಸಂಕಟ. ಮೂಗಿಗೆ ತುಪ್ಪ ಹಚ್ಚಿ ಇಷ್ಟು ದೂರ ನಡೆಸಿಕೊಂಡು ಬಂದು, ಈಗ ನಡಿಗೆ ಬಂತಲ್ಲ ಎಂದು ಬೆನ್ನು ಚಪ್ಪರಿಸುವ ಗಂಡನಿಗೆ ಏನು ಹೇಳುವುದು? ಸಾವಂತ್ರವ್ವ ತನ್ನ ಕೈ ನೋಡಿಕೊಂಡಳು. ಗುಣವಾಗಿತ್ತು. ಸುಳ್ಳಿನ ಮೇಲೆ ಗುಣವಾಗಿತ್ತು.

"ನಾ ಸಾಲಿ ಹುಡುಗಿ ಅಲ್ರಿ," ಎಂದಳು. "ನಾ ನಿಮ್ಮ ಹೆಂಡ್ತಿ."

ಅವಳು ಮತ್ತೆ ತೊಳೆಯಲು ಹತ್ತುತ್ತಾಳೆ ಎಂದು ಮನೆಯವರು ಅಂಜಿದರು. ಹಾಗಾಗಲಿಲ್ಲ. ಅದರ ಬದಲು ಇನ್ನೊಂದು ಶುರುವಾಯಿತು. ಹಾಲು ಉಕ್ಕಿತು ಎಂದು ಸೊಸೆ ಹೇಳಿದರೆ ಎದ್ದು ಹೋಗಿ ಒಲೆ ನೋಡುತ್ತಿದ್ದಳು. ಗುಳಿಗೆ ತೀರಿವೆ ಎಂದು ಗಂಡ ಹೇಳಿದರೆ ಡಬ್ಬಿ ತೆಗೆದು ನೋಡುತ್ತಿ‌ದ್ದಳು. ಮಳೆ ಬರುತ್ತಿದೆ ಎಂದು ಗೌತಮ ಕೊಡೆ ಕೇಳಿದರೆ ಕೈಯನ್ನು ಕಿಟಕಿಯ ಹೊರಗೆ ಚಾಚಿ ನೋಡಿ ಆಮೇಲೆ ಕೊಡುತ್ತಿದ್ದಳು. ಮಾತು ಕಡಿಮೆಯಾಯಿತು. ತಾಟು ಬಡಿಸಿಟ್ಟು ತಾನು ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಅಂಟಿನುಂಡಿಯ ಡಬ್ಬಿಯನ್ನು ಮಾಸ್ತರರ ಕೈಯಲ್ಲಿ ಕೊಟ್ಟು ಹುನಗುಂದಕ್ಕೆ ಕಳಿಸಿದಳು.

ಬಾಗಲಕೋಟೆಗೆ ಆ ಸಲ ಒಬ್ಬಳೇ ಹೋದಳು. ಬಸ್ಸಿನ ಕಂಬಿ ಹಿಡಿದು ನಿಂತು ಹೋದಳು. ಮುಬಶೀರಾಳ ಎದುರಿಗೆ ಕುರ್ಚಿಯಲ್ಲಿ ಕೂತು ಕೇಳಿದ ಮೊದಲ ಮಾತೇ ಇದು.

"ನಿಮಗೂ ಗೊತ್ತಿತ್ತೇನ್ರಿ ಮೇಡಂ?"

ವಿಷಯ ಕೇಳಿ ಮುಬಶೀರಾ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. "ಇಲ್ರಿ. ಆದ್ರ ನಾ ಕೇಳಬೇಕಾಗಿತ್ತು. ಕೈ ಚೊಲೊ ಆಗಾಕತ್ತೇತಿ ಅಂತ ಅದನ್ನಷ್ಟ ನೋಡ್ಕೋತ ಕುಂತೆ. ಬಹುಮಾನ ಅಂದ್ರ ಕೈಯಾಗ ಕೊಡೂವಂಥಾದ್ದು, ಆಶಾ ತೋರಸೂದಲ್ಲ ಅಂತ ಸರ್‌ಗೆ ಬಿಡಿಸಿ ಹೇಳಬೇಕಿತ್ತು. ಮತ್ತ ಆವತ್ತು ನಳದ ಸುದ್ದಿ ಬಂದಾಗ, ನಿಮಗ ಹೆಂಗನಿಸ್ತು ಅಂತ ಕೇಳಲಿಲ್ಲ. ತಪ್ಪಾತ್ರಿ."

"ದೊಡ್ಡ ಮನಿ ಅಂದಿದ್ರಲ್ಲ. ಅದರಾಗ ನಂಬಿಕಿದು ಒಂದ ಖೋಲಿ ಐತೇನ್ರಿ?"

"ಐತ್ರಿ. ಅಲ್ಲಿ ಗಡಿಬಿಡಿ ನಡಿಯಂಗಿಲ್ಲ, ಮಾತಾಡೂದ ಕೆಲಸ. ನಿಮ್ಮತ್ತಿ ಅಂದದ್ದು ಏನು ಅಂತ ಇವತ್ತ ಹೇಳ್ರಿ."

ಸಾವಂತ್ರವ್ವ ಹೇಳಿದಳು. ಕೂಸು ವಿದ್ಯಾಳಿಗೆ ವಾಂತಿ-ಭೇದಿಯಾದಾಗ ಅತ್ತೆ ಎಲ್ಲರೆದುರು, ನಿನ್ನ ಕೈನ ಹೊಲಸು, ಆ ಕೈಲೆ ಕೂಸನ್ನ ಮುಟ್ಟಬ್ಯಾಡ ಎಂದಿದ್ದಳು. ಕೂಸು ಬದುಕಿತು, ಮಾತು ಉಳಿಯಿತು. ಈಗ ಅದೇ ಕೂಸು ದೊಡ್ಡದಾಗಿ ಅದೇ ಮಾತನ್ನು ಬೇರೆ ನಮೂನೆಯಲ್ಲಿ ಹೇಳಿತ್ತು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಸೆರಗೆಲ್ಲ ತೋಯ್ದಿತ್ತು. ಆದರೆ ಎದ್ದು ಬರುವಾಗ, ಈ ಹುಡುಗಿಯಾದರೂ ಖರೆ ಹೇಳಿದಳೋ ಇಲ್ಲವೋ ಎಂಬ ಸಂಶಯ ಮೆಟ್ಟಿಲಿಳಿಯುವ ತನಕವೂ ಬಿಡಲಿಲ್ಲ.

ವಿದ್ಯಾಳಿಗೆ ಹೆಣ್ಣು ಕೂಸಾಯಿತು. ನೋಡಲು ಹೋದರು. ದವಾಖಾನೆಯ ಮಂಚದ ಸುತ್ತ ನೆಂಟರು. ಕೂಸು ಇಂದ್ರವ್ವನ ತೊಡೆಯ ಮೇಲಿತ್ತು. ಸಾವಂತ್ರವ್ವನ ಕೈಗೆ ಕೊಡಬೇಕೆಂದು ಯಾರಿಗೂ ಅನಿಸಲಿಲ್ಲ, ಅವಳೂ ಕೇಳಲಿಲ್ಲ. ಕುಂಕುಮ ಹಚ್ಚಿಸಿಕೊಂಡು ಎದ್ದು ಬಂದಳು.

ಅದಾದ ಕೆಲವು ದಿನಕ್ಕೆ ವಿದ್ಯಾಳ ಫೋನು ಬಂತು. "ಅವ್ವಾ, ನಮ್ಮತ್ತಿ ಬಚ್ಚಲದಾಗ ಜಾರಿ ಬಿದ್ದಾರ. ಬಲಗೈ ಮುರದೈತಿ. ಖುಶನುಮಾನೂ ಊರಾಗಿಲ್ಲ. ನೀ ಬಾ. ನೀನ ಬಂದು ಕೂಸಿಗೆ ನೀರ ಹಾಕು."

ಎಷ್ಟು ತಿಂಗಳಿಂದ ಈ ಮಾತಿಗಾಗಿ ಅವಳು ಕಾದಿದ್ದಳು! ಬರ್ತೇನಿ ಎನ್ನಲು ಬಾಯಿ ತೆರೆದಳು, ಅಷ್ಟರಲ್ಲೇ ಕಣ್ಣು ಗಂಡನ ಮೇಲೆ ಬಿತ್ತು. ಮಾಸ್ತರರು ಬಾಗಿಲಲ್ಲಿ ನಿಂತು ನಗುತ್ತ ತಲೆಯಾಡಿಸುತ್ತಿದ್ದರು. ಗೀತಾಂಜಲಿ ಆಗಲೇ ಚೀಲ ತೆಗೆದಿದ್ದಳು. ಎಲ್ಲರಿಗೂ ಮೊದಲೇ ಗೊತ್ತು, ಈ ಸಲವೂ ಮಗಳು ಮೊದಲು ಅಪ್ಪನಿಗೇ ಹೇಳಿರಬೇಕು.

"ಇದ ಎಷ್ಟನೇ ಪಾಠ ವಿದ್ಯಾ?" ಎಂದು ಕೇಳಿದಳು.

"ಏನವ್ವಾ?"

"ಕೂಸನ್ನ ಎತಗೊಳ್ಳೂ ಪಾಠ ಒಂದು ಬಾಕಿ ಇತ್ತು. ಅದನ್ನ ಹಿಂಗ ಮಾಡಸ್ತೀರೇನು? ನಿಮ್ಮಪ್ಪ ಹೇಳಿಕೊಟ್ನೇನು?"

"ಅವ್ವಾ, ಖರೇನ ಬಿದ್ದಾರ—"

ಸಾವಂತ್ರವ್ವ ಫೋನು ಇಟ್ಟುಬಿಟ್ಟಳು. ಮಾಸ್ತರರು ಆಣೆ ಮಾಡಿದರು. ಗೌತಮ ರೇಗಿದ. ಗೀತಾಂಜಲಿ ಕೈಹಿಡಿದು, "ಈ ಸಲ ಸುಳ್ಳಲ್ರೀ ಅತ್ತಿ" ಎಂದಳು. ಈ ಸಲ ಎಂದಳಲ್ಲ, ಅದನ್ನು ಕೇಳಿ ಸಾವಂತ್ರವ್ವ ಇನ್ನಷ್ಟು ಬಿಗಿದುಕೊಂಡಳು. ಅವರು ಹೇಳಿದಷ್ಟೂ ಅವಳಿಗೆ ಅದು ಕಟ್ಟಿದ ಮಾತಾಗಿಯೇ ಕಂಡಿತು. ದಿನಗಳು ಹೋದವು. ವಿದ್ಯಾ ಮತ್ತೆ ಎರಡು ಸಲ ಫೋನು ಮಾಡಿದಳು. ಎತ್ತಲಿಲ್ಲ. ಮೂರನೆಯ ಸಲ ಮಾಡಲೇ ಇಲ್ಲ.

ಆಗ ಅವಳಿಗೆ ಕಸಿವಿಸಿಯಾಯಿತು. ಸುಳ್ಳಾಗಿದ್ದರೆ ಮತ್ತೆ ಮಾಡುತ್ತಿದ್ದರಲ್ಲ? ಯಾರಿಗೂ ಹೇಳದೆ ಬೆಳಗಿನ ಬಸ್ಸು ಹತ್ತಿದಳು.

ಹುನಗುಂದದ ಆ ಮನೆಯ ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಒಗೆಯದ ಕೂಸಿನ ಬಟ್ಟೆಗಳ ರಾಶಿ. ಮೂಲೆಯ ಹಗ್ಗದ ಹೊರಸಿನ ಮೇಲೆ ಕೂಸು ಕಿರುಚಿ ಅಳುತ್ತಿತ್ತು. ವಿದ್ಯಾ ಹಸಿಮೈ ಬಾಣಂತಿ, ಕೆದರಿದ ತಲೆಯಲ್ಲಿ, ಒಲೆಯ ಮುಂದೆ ತಾನೇ ನಿಂತು ನುಚ್ಚು ತಿರುವುತ್ತಿದ್ದಳು. ಇಂದ್ರವ್ವ ಗೋಡೆಗೊರಗಿ ಕೂತಿದ್ದಳು. ಬಲಗೈಗೆ ಮೊಣಕೈ ತನಕ ಪ್ಲಾಸ್ಟರು, ಕೊರಳಿಗೆ ಕಟ್ಟಿದ ಬಟ್ಟೆ.

"ಬರ್ರಿ ಬೀಗತೇರ," ಎಂದಳು ಇಂದ್ರವ್ವ. "ಬಂದ್ರಲ್ಲ, ಪುಣ್ಯಾತು."

ಸಾವಂತ್ರವ್ವ ಕೂಸಿನ ಕಡೆ ಹೋಗಲಿಲ್ಲ, ಮಗಳ ಕಡೆ ಹೋಗಲಿಲ್ಲ. ನೇರ ಇಂದ್ರವ್ವನ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು, ಬೆರಳ ಗೆಣ್ಣಿನಿಂದ ಆ ಪ್ಲಾಸ್ಟರನ್ನು ಎರಡು ಸಲ ಬಡಿದು ನೋಡಿದಳು. ಟಕ್ ಟಕ್ ಎಂದಿತು. ಇಂದ್ರವ್ವ ನೋವಿಗೆ "ಯವ್ವಾ" ಎಂದು ಕೈ ಎಳೆದುಕೊಂಡಳು.

"ಖರೆ ಐತಿ," ಎಂದಳು ಸಾವಂತ್ರವ್ವ, ತನ್ನಷ್ಟಕ್ಕೆ.

ಒಲೆಯ ಹತ್ತಿರ ನಿಂತಿದ್ದ ವಿದ್ಯಾ ಎಲ್ಲವನ್ನೂ ನೋಡಿದ್ದಳು. ಸೌಟು ಅವಳ ಕೈಯಲ್ಲೇ ಉಳಿಯಿತು. "ನಾ ಅಷ್ಟ ಕರದ್ರೂ ನಂಬಲಿಲ್ಲೇನವ್ವಾ ನೀ?"

"ಇಲ್ಲವಾ," ಎಂದಳು ಸಾವಂತ್ರವ್ವ. "ನಂಬಲಿಲ್ಲ."

ವಿದ್ಯಾ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು. ಹೊರಸಿನ ಮೇಲೆ ಕೂಸು ಇನ್ನೂ ಕಿರುಚುತ್ತಿತ್ತು. ಸಾವಂತ್ರವ್ವ ಹೋಗಿ ಅದನ್ನು ಎತ್ತಿಕೊಂಡಳು. ಎತ್ತಿಕೋ ಎಂದೂ ಮಗಳು ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.